ಕರಾವಳಿ ಬದುಕಿನ ಕಥೆಗಳನ್ನು ಬರೆಯುತ್ತಿದ್ದೇನೆ, ಕಡಲನ್ನು ಬಲ್ಲವರು ದಾರಿ ತೋರಿಸಿ

ನನ್ನ ಪ್ರಶ್ನೆ:

ನನ್ನ ತಾಯಿಯ ಮನೆ ಮಲ್ಪೆಯ ಬಳಿ. ಹುಟ್ಟಿದ್ದು ಅಲ್ಲಿ, ಬೆಳೆದದ್ದು ಬೆಂಗಳೂರಿನಲ್ಲಿ. ಊರು ಸಿಗುತ್ತಿದ್ದದ್ದು ಬೇಸಿಗೆ ರಜೆಗೆ ಮಾತ್ರ. ಮೂರು ವರ್ಷಗಳಿಂದ ಕರಾವಳಿಯ ಜನರ ಬದುಕಿನ ಸಣ್ಣಕಥೆಗಳನ್ನು ಬರೆಯುತ್ತಿದ್ದೇನೆ. ಹನ್ನೆರಡು ಕಥೆಗಳ ಸಂಕಲನ ತರಬೇಕೆಂಬ ಆಸೆ, ಏಳು ಮುಗಿದಿವೆ. ಮೂವತ್ತು ವರ್ಷ ಬೋಟಿನಲ್ಲಿ ದುಡಿದ ನನ್ನ ಸೋದರಮಾವನಿಗೆ ಅವುಗಳಲ್ಲಿ ಎರಡನ್ನು ಓದಿ ಹೇಳಿದೆ. ಪೂರ್ತಿ ಕೇಳಿ, "ಚೆನ್ನಾಗಿದೆ ಮಗು. ಆದರೆ ಇದು ದಡದಲ್ಲಿ ನಿಂತು ಕಡಲು ನೋಡಿದವರ ಕಥೆ" ಎಂದರು. ಆ ಮಾತು ಕೇಳಿದ ಮೇಲೆ ಒಂದು ತಿಂಗಳಿನಿಂದ ಒಂದು ಸಾಲೂ ಬರೆಯಲಾಗಿಲ್ಲ.

ಬಲ್ಲವರಲ್ಲಿ ಮೂರು ವಿಷಯ ಕೇಳುತ್ತೇನೆ. ಕಡಲ ಕೆಲಸವನ್ನು ಬರೆಯುವಾಗ ನಮ್ಮಂಥವರು ಎಲ್ಲಿ ಎಡವುತ್ತೇವೆ? ಮನೆಯಲ್ಲಿ ತುಳು, ಬಂದರಿನಲ್ಲಿ ನಾಲ್ಕು ಭಾಷೆ ಇರುವಾಗ ಪಾತ್ರಗಳ ಮಾತನ್ನು ಹೇಗೆ ಬರೆಯಬೇಕು? ಕಡಲಿಗೆ ಹೋಗಿ ಹಿಂತಿರುಗದವರ ಬಗ್ಗೆ ಬರೆಯುವ ಹಕ್ಕು ನನಗಿದೆಯೇ?

ಗಂಗೊಳ್ಳಿಯಿಂದ, ಇಪ್ಪತ್ತೆರಡು ವರ್ಷ ಬೋಟಿನಲ್ಲಿದ್ದವರು:

ತಂಗಿ, ನಿಮ್ಮ ಮಾವ ಹೇಳಿದ್ದನ್ನು ಬೈಗುಳ ಎಂದು ತಿಳಿಯಬೇಡಿ. ಅವರು ಪೂರ್ತಿ ಕೇಳಿದರಲ್ಲ, ಅದೇ ದೊಡ್ಡದು.

ನಾನು ಹೆಚ್ಚು ಓದಿದವನಲ್ಲ. ಆದರೆ ಊರಿನ ಗ್ರಂಥಾಲಯದಲ್ಲಿ ಕಡಲಿನ ಕಥೆ ಎಂದು ಸಿಕ್ಕಿದ್ದನ್ನೆಲ್ಲ ಓದಿದ್ದೇನೆ. ಬೆಳಿಗ್ಗೆ ಕಡಲಿನಿಂದ ಸೂರ್ಯ ಮೇಲೇಳುವುದನ್ನು ಎಷ್ಟು ಕಥೆಗಳಲ್ಲಿ ನೋಡಿದ್ದೇನೋ! ನಮ್ಮ ಕಡಲಿನಲ್ಲಿ ಸೂರ್ಯ ಮುಳುಗುತ್ತಾನೆ, ಹುಟ್ಟುವುದು ಘಟ್ಟದ ಕಡೆ. ಬೆಳಗಿನ ಜಾವ ಬೋಟು ಹೊರಟರೆ ಬೆಳಕು ಬೆನ್ನಿಗೆ ಬರುತ್ತದೆ, ಮುಂದೆ ಬಹಳ ಹೊತ್ತು ಕಪ್ಪೇ ಇರುತ್ತದೆ. ಇಷ್ಟು ತಪ್ಪಿದರೆ ನಮ್ಮವರು ಅಲ್ಲೇ ಪುಸ್ತಕ ಮುಚ್ಚುತ್ತಾರೆ.

ಗಾಳಿಯೂ ಹಾಗೆಯೇ. ನಿಮ್ಮ ಕಥೆ ಹಾಯಿದೋಣಿಯ ಕಾಲದ್ದಾದರೆ ಇದು ಗೊತ್ತಿರಲೇಬೇಕು. ರಾತ್ರಿ ಕಳೆದು ಬೆಳಗಾಗುವ ಹೊತ್ತಿಗೆ ಗಾಳಿ ನೆಲದಿಂದ ಕಡಲಿಗೆ ಬೀಸುತ್ತದೆ, ಮಧ್ಯಾಹ್ನದ ಮೇಲೆ ಕಡಲಿನಿಂದ ನೆಲಕ್ಕೆ. ಹೋಗುವ ಗಾಳಿ ಒಂದು, ಬರುವ ಗಾಳಿ ಇನ್ನೊಂದು. ನನ್ನ ಅಜ್ಜನವರ ದಿನವೆಲ್ಲ ಈ ಎರಡು ಗಾಳಿಗಳ ನಡುವೆ ಕಟ್ಟಿಕೊಂಡಿತ್ತು. ಎಂಜಿನ್ ಬಂದ ಮೇಲೆ ಆ ಲೆಕ್ಕ ಹೋಯಿತು. ಡೀಸೆಲಿನ ಲೆಕ್ಕ ಬಂತು.

ಭರತ ಇಳಿತ, ಅಂದರೆ ಕಡಲ ನೀರು ಏರಿ ಇಳಿಯುವುದು, ದಿನಕ್ಕೆ ಎರಡೆರಡು ಸಲ, ಅದೂ ದಿನದಿಂದ ದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದಕ್ಕೆ ಹೋಗುತ್ತದೆ. ಕಥೆಯಲ್ಲಿ ಸೋಮವಾರ ಬೆಳಿಗ್ಗೆ ಆರಕ್ಕೆ ನೀರು ತುಂಬಿತ್ತು ಎಂದು ಬರೆದು, ಶುಕ್ರವಾರವೂ ಆರಕ್ಕೇ ತುಂಬಿಸಬೇಡಿ. ಕಾದಂಬರಿ ಬರೆಯುವವರಿಗೆ ಇದು ಸಣ್ಣದೆನಿಸಬಹುದು. ನಮಗೆ ಅಳಿವೆ, ಅಂದರೆ ನದಿ ಕಡಲು ಸೇರುವ ಬಾಯಿ, ದಾಟುವ ವಿಷಯ. ಗಂಗೊಳ್ಳಿಯಲ್ಲಿ ಐದು ನದಿಗಳ ನೀರು ಒಂದೇ ಬಾಯಿಯಿಂದ ಕಡಲಿಗೆ ಇಳಿಯುತ್ತದೆ. ಅಲ್ಲಿ ಮರಳು ತುಂಬಿದ್ದಾಗ ಇಳಿತದ ಹೊತ್ತಿನಲ್ಲಿ ಒಳಬರುವ ಬೋಟಿಗೆ ಏನಾಗುತ್ತದೆ ಎಂಬುದನ್ನು ನಿಮ್ಮ ಮಾವನನ್ನೇ ಕೇಳಿ. ನಡುಗಡಲಿನಲ್ಲಿ ಹೆದರದ, ಬೋಟು ನಡೆಸುವ ತಾಂಡೇಲನೂ ಮನೆ ಕಾಣುವಷ್ಟು ಹತ್ತಿರ ಬಂದು ಅಳಿವೆಯಲ್ಲಿ ಉಸಿರು ಬಿಗಿಹಿಡಿಯುತ್ತಾನೆ.

ಇನ್ನು ದುಡ್ಡು. ನಿಮ್ಮ ಕಥೆಗಳಲ್ಲಿ ಪಾಲಿನ ಲೆಕ್ಕ ಎಲ್ಲಿಯಾದರೂ ಬಂದಿದೆಯೇ? ನಮ್ಮಲ್ಲಿ ಸಂಬಳದ ಮಾತು ಬಂದದ್ದು ಈಚೆಗೆ. ಮೊದಲಿನಿಂದ ಇದ್ದದ್ದು ಪಾಲು. ಡೀಸೆಲ್, ಐಸ್, ಊಟದ ಸಾಮಾನಿನ ಖರ್ಚು ಮೊದಲು ಕಳೆಯುತ್ತದೆ. ಉಳಿದದ್ದರಲ್ಲಿ ಬೋಟಿಗೆ ಇಷ್ಟು, ಬಲೆಗೆ ಇಷ್ಟು, ಜನರಿಗೆ ಇಷ್ಟು. ಹತ್ತು ದಿನ ಆಳ ಸಮುದ್ರದಲ್ಲಿದ್ದು ಬಂದು ಖರ್ಚು ಕಳೆದರೆ ಏನೂ ಉಳಿಯದ ದಿನಗಳಿವೆ.

ಒಂದು ಸಲ ನಮಗೆ ಬಂಗುಡೆ ಎಷ್ಟು ಸಿಕ್ಕಿತೆಂದರೆ ಕಾಲಿಡಲು ಜಾಗವಿರಲಿಲ್ಲ. ಹಾಡುತ್ತಾ ಬಂದೆವು. ಮೀನು ಇಳಿಸುವ ದಕ್ಕೆಗೆ ಬಂದು ನೋಡಿದರೆ ಅಂದು ಎಲ್ಲ ಬೋಟಿಗೂ ಬಂಗುಡೆಯೇ. ಏಲಂ ಕೂಗುವವರ ದನಿ ನಿಮಿಷ ನಿಮಿಷಕ್ಕೂ ಇಳಿಯಿತು. ಐಸ್ ಮುಗಿಯಿತು. ಮಧ್ಯಾಹ್ನಕ್ಕೆ ನಮ್ಮ ಮೀನು ಫಿಶ್‌ಮೀಲ್ ಕಾರ್ಖಾನೆಯ ಲಾರಿಗೆ ಹೋಯಿತು, ಹಿಟ್ಟು ಮಾಡಲು. ಜನರು ತಿನ್ನಬೇಕಾದ ಮೀನು. ಬೋಟಿನಲ್ಲಿ ದುಡಿಯುವ ನಮ್ಮ ಎಂಟು ಜನ ಕಲಾಸಿಗಳಲ್ಲಿ ಒಬ್ಬನೂ ಮಾತನಾಡಲಿಲ್ಲ. ಬಲೆ ಖಾಲಿ ಬಂದ ದಿನ ಒಬ್ಬರನ್ನೊಬ್ಬರು ಸಮಾಧಾನ ಮಾಡುತ್ತಿದ್ದೆವು. ಅಂದು ಅದೂ ಆಗಲಿಲ್ಲ. ಬಿರುಗಾಳಿಯ ಕಥೆಗಳು ಬಹಳ ಇವೆ, ಈ ಮಧ್ಯಾಹ್ನದ ಕಥೆಯನ್ನು ಯಾರೂ ಬರೆದದ್ದು ನಾನು ಕಂಡಿಲ್ಲ.

ಕುಮಟಾ ಕಡೆಯಿಂದ, ಮೀನು ಮಾರುವ ತಾಯಿಯ ಮಗಳು:

ಮೇಲಿನ ಅಣ್ಣ ಬರೆದದ್ದನ್ನು ಓದಿ ನನ್ನ ತಾಯಿಗೂ ಹೇಳಿದೆ. ಅವರಿಗೆ ಎಪ್ಪತ್ತು ದಾಟಿದೆ. "ಎಲ್ಲ ಸರಿ, ಮೀನು ದಡಕ್ಕೆ ಬಂದ ಮೇಲೆ ಯಾರು ಹೊತ್ತರು ಎಂದು ಅವರನ್ನು ಕೇಳು" ಎಂದರು.

ಕಥೆಗಳಲ್ಲಿ ನಮ್ಮ ಹೆಂಗಸರು ಕಡಲನ್ನೇ ನೋಡುತ್ತಾ ನಿಂತಿರುತ್ತಾರೆ, ಗಂಡನ ದಾರಿ ಕಾಯುತ್ತಾ. ನನ್ನ ತಾಯಿ ಹಾಗೆ ನಿಂತದ್ದನ್ನು ನಾನು ಒಂದು ದಿನವೂ ನೋಡಿಲ್ಲ, ಪುರುಸೊತ್ತೇ ಇರಲಿಲ್ಲ. ರಾತ್ರಿ ಮೂರಕ್ಕೆ ಎದ್ದು, ತದಡಿ ಬಂದರಿನಲ್ಲಿ ಸಾಲಕ್ಕೆ ಮೀನು ಎತ್ತಿ, ಐಸ್ ಹಾಕಿಕೊಂಡು, ಮೊದಲ ಬಸ್ಸಿಗೆ ಘಟ್ಟ ಹತ್ತುತ್ತಿದ್ದರು. ಬುಟ್ಟಿಯ ಕೆಳಗೆ ಪ್ಲಾಸ್ಟಿಕ್ ಹಾಸಿದರೂ ನೀರು ಸೋರುತ್ತದೆ. ಆ ನೀರಿಗಾಗಿ ಅವರು ಕೇಳಿದ ಮಾತುಗಳನ್ನು ನಾನು ಇಲ್ಲಿ ಬರೆಯಲಾರೆ. ಒಮ್ಮೆ ಘಟ್ಟದ ನಡುವೆ ಬುಟ್ಟಿಯ ಸಮೇತ ಇಳಿಸಿಬಿಟ್ಟರು. ಮಳೆ ಬರುತ್ತಿತ್ತು. ತಾಯಿ ಎರಡು ತಾಸು ನಿಂತು, ಬಂದ ಲಾರಿಯೊಂದಕ್ಕೆ ಕೈ ಅಡ್ಡ ಹಿಡಿದು, ಮೀನು ಹಾಳಾಗುವ ಮುಂಚೆ ಪೇಟೆ ತಲುಪಿದರು. ಅಂದಿನ ಸಾಲ ಅಂದೇ ತೀರಿಸಿದರು. ಈ ಕಥೆಯನ್ನು ಹೇಳುವಾಗ ಅವರು ಇಳಿಸಿದವರ ಬಗ್ಗೆ ಏನೂ ಹೇಳುವುದಿಲ್ಲ. ಸಾಲ ತೀರಿಸಿದ್ದನ್ನು ಮಾತ್ರ ಎರಡು ಸಲ ಹೇಳುತ್ತಾರೆ.

ಅವರಿಗೆ ಖಾಯಂ ಮನೆಗಳಿದ್ದವು. ಯಾವ ಮನೆಯ ಸೊಸೆ ಬಸುರಿ, ಯಾವ ಮನೆಯಲ್ಲಿ ಅಣ್ಣತಮ್ಮಂದಿರ ಒಲೆ ಬೇರೆಯಾಗಿದೆ, ಯಾರು ಹಬ್ಬದ ತಿಂಗಳಲ್ಲಿ ಮೀನು ಬಿಟ್ಟಿದ್ದಾರೆ, ಎಲ್ಲವೂ ಗೊತ್ತು. ಒಲೆ ಬೇರೆಯಾದ ಮನೆಗೆ ಒಂದು ಪಾಲು ಮೀನಿನ ಬದಲು ಎರಡು ಸಣ್ಣ ಪಾಲು ಮಾಡಿಕೊಂಡು ಹೋಗುತ್ತಿದ್ದರು. ಒಂದು ಊರಿನ ಕಥೆಯನ್ನೆಲ್ಲ ಆ ಬುಟ್ಟಿಯ ಹಿಂದೆ ನಡೆದೇ ಬರೆಯಬಹುದು.

ಇನ್ನೊಂದು ಮಾತು. ಕರಾವಳಿ ಎಂದರೆ ಮರಳು, ತೆಂಗು, ಅಲೆ ಎಂದುಕೊಂಡಿದ್ದರೆ ಒಮ್ಮೆ ಅಘನಾಶಿನಿಯ ದಂಡೆಗೆ ಬನ್ನಿ. ಇಲ್ಲಿ ಇಳಿತದ ಹೊತ್ತಿಗೆ ನೂರಾರು ಜನ ಹೊಳೆಗಿಳಿದು ಬೆಳಚು ಎಂಬ ಚಿಪ್ಪುಮೀನು ಆರಿಸುತ್ತಾರೆ. ದೋಣಿ ಬೇಡ, ಬಲೆ ಬೇಡ, ಕೈ ಮತ್ತು ಬೆನ್ನು ಸಾಕು. ಗಜನಿ ಎಂಬ ಉಪ್ಪುನೀರಿನ ಗದ್ದೆಗಳಿವೆ, ಮಳೆಗಾಲದಲ್ಲಿ ಹೊಳೆಯ ಸಿಹಿನೀರು ಉಪ್ಪನ್ನು ತಗ್ಗಿಸಿದಾಗ ಕಗ್ಗ ಎಂಬ ಭತ್ತ ಬೆಳೆಯುತ್ತಾರೆ. ಉಪ್ಪು ನೀರನ್ನು ತಡೆಯುವ ಶಕ್ತಿ ಅದಕ್ಕಿದೆ. ಕೊಯ್ಲಾದ ಮೇಲೆ ಅದೇ ಗದ್ದೆಗೆ ಉಬ್ಬರದ ನೀರು ಬಿಟ್ಟು ಸಿಗಡಿ, ಮೀನು ಹಿಡಿಯುತ್ತಾರೆ. ಆಚೆ ಸಾಣಿಕಟ್ಟೆಯಲ್ಲಿ ಉಪ್ಪಿನ ಆಗರ. ಒಂದೇ ನೀರು ಒಬ್ಬನಿಗೆ ಅಕ್ಕಿ, ಒಬ್ಬನಿಗೆ ಸಿಗಡಿ, ಒಬ್ಬನಿಗೆ ಉಪ್ಪು. ಸಿಗಡಿಗೆ ದುಡ್ಡು ಬಂದ ಮೇಲೆ ತೂಬಿನ ಹಲಗೆಯನ್ನು ಯಾವಾಗ ಎತ್ತಬೇಕು ಎಂಬುದಕ್ಕೇ ಜಗಳ ಹುಟ್ಟಿತು. ಹೊತ್ತಿಗೆ ಮುಂಚೆ ಹಲಗೆ ಎತ್ತಿದರೆ ಪಕ್ಕದವನ ಭತ್ತ ಹೋಯಿತು. ಹಾಗೆ ಹಲಗೆ ಎತ್ತಿದವನೂ ಭತ್ತ ಕಳೆದುಕೊಂಡವನೂ ಒಂದೇ ಮನೆಯವರಾಗಿದ್ದನ್ನು ನಾನು ನೋಡಿದ್ದೇನೆ.

ಮಂಗಳೂರಿನಿಂದ, ನಿವೃತ್ತ ಕನ್ನಡ ಅಧ್ಯಾಪಕರು:

ಭಾಷೆಯ ಪ್ರಶ್ನೆಗೆ ನನ್ನ ಅನುಭವ ಹೇಳುತ್ತೇನೆ. ವಿದ್ಯಾರ್ಥಿಗಳ ಕಥೆಗಳನ್ನು ತಿದ್ದುತ್ತಾ ಬಂದವನು. ಅವರಲ್ಲಿ ಎರಡು ಬಗೆಯ ತಪ್ಪು ಕಾಣುತ್ತಿದ್ದೆ. ಕೆಲವರು ಮೀನುಗಾರ ಸಮುದಾಯದ ಮೊಗವೀರ ಅಜ್ಜಿಯ ಬಾಯಿಗೆ ಪಠ್ಯಪುಸ್ತಕದ ಕನ್ನಡ ಹಾಕುತ್ತಾರೆ. ಇನ್ನು ಕೆಲವರು ಪುಟಕ್ಕೆ ಹತ್ತು ತುಳು ವಾಕ್ಯ ಬರೆದು, ಪ್ರತಿಯೊಂದಕ್ಕೂ ಆವರಣದಲ್ಲಿ ಅರ್ಥ ಕೊಡುತ್ತಾರೆ. ಎರಡರಲ್ಲೂ ಅಜ್ಜಿ ಸಿಗುವುದಿಲ್ಲ.

ನಾನು ಹೇಳುತ್ತಿದ್ದದ್ದು ಇಷ್ಟು: ಸಂಬಂಧದ ಹೆಸರು, ಮೀನಿನ ಹೆಸರು, ಬಲೆಯ ಹೆಸರು, ದೈವದ ಹೆಸರು ಇವನ್ನು ಮುಟ್ಟಬೇಡಿ, ಮನೆಯಲ್ಲಿ ಹೇಗಿದೆಯೋ ಹಾಗೆ ಇಡಿ. ತಮ್ಮಲೆ ಎಂದು ಕರೆಯುವ ಮನೆಯಲ್ಲಿ ಮಾವ ಎಂದು ಬರೆದರೆ ಅರ್ಧ ಸಂಬಂಧವೇ ಕರಗಿಹೋಗುತ್ತದೆ. ಅಳಿಯಸಂತಾನದ ಕುಟುಂಬಗಳಲ್ಲಿ ಮನೆತನ ತಾಯಿಯ ಕಡೆಯಿಂದ ಹರಿದುಬಂದದ್ದು, ಆದ್ದರಿಂದ ಸೋದರಮಾವನ ಮಾತಿಗೆ ತಂದೆಯ ಮಾತಿಗಿಂತ ತೂಕವಿತ್ತು. ನಿಮ್ಮನ್ನು ಒಂದು ತಿಂಗಳು ಬರೆಯದಂತೆ ಮಾಡಿದ್ದೂ ಸೋದರಮಾವನ ಮಾತೇ ಅಲ್ಲವೇ?

ಮೀನಿನ ಹೆಸರಿನಿಂದಲೇ ಊರು ಗೊತ್ತಾಗುತ್ತದೆ. ನಮ್ಮಲ್ಲಿ ಬೂತಾಯಿ, ಕುಂದಾಪುರದ ಕಡೆ ಬೈಗೆ, ಕಾರವಾರದಲ್ಲಿ ತಾರ್ಲೆ, ಮೀನು ಒಂದೇ. ಮಲ್ಪೆಯ ಬೋಟಿನಲ್ಲಿ ಉತ್ತರ ಕನ್ನಡದ ಹುಡುಗ ತಾರ್ಲೆ ಎಂದರೆ ಅವನು ಎಲ್ಲಿಂದ ಬಂದವನೆಂದು ನೀವು ಬೇರೆ ಹೇಳಬೇಕಾಗಿಲ್ಲ. ಈಗಂತೂ ಒಡಿಶಾ, ಆಂಧ್ರ, ಜಾರ್ಖಂಡಿನ ಯುವಕರು ನಮ್ಮ ಬೋಟುಗಳಲ್ಲಿದ್ದಾರೆ. ದಕ್ಕೆಯ ಹಿಂದಿಯೂ ಈಗ ಕರಾವಳಿಯ ಭಾಷೆಯೇ. ಅವರನ್ನು ಬಿಟ್ಟು ಇಂದಿನ ಮಲ್ಪೆಯನ್ನು ಬರೆದರೆ ಅದು ಮೂವತ್ತು ವರ್ಷ ಹಿಂದಿನ ಮಲ್ಪೆಯಾಗುತ್ತದೆ.

ಅರ್ಥಕೋಶ ಬೇಡ. ಕೆಲಸದ ನಡುವೆ ಬಂದ ಪದ ತಾನಾಗಿ ತಿಳಿಯುತ್ತದೆ. ಬೀಸುಬಲೆಯನ್ನು ಒಬ್ಬನು ತೋಳಿನ ಮೇಲೆ ಮಡಿಸಿಕೊಂಡು, ಅಂಚನ್ನು ಹಲ್ಲಿನಲ್ಲಿ ಕಚ್ಚಿ ಎಸೆದದ್ದನ್ನು ಬರೆದರೆ ರಾಯಚೂರಿನ ಓದುಗನಿಗೂ ಅದು ಏನೆಂದು ಕಾಣುತ್ತದೆ.

ಭಟ್ಕಳದಿಂದ:

ಚಿಕ್ಕ ಮಾತು, ಆದರೆ ಮನಸ್ಸಿನಿಂದ ಹೇಳುತ್ತಿದ್ದೇನೆ. ಕರಾವಳಿ ಕಥೆಗಳಲ್ಲಿ ನಮ್ಮ ಮುಸ್ಲಿಂ ಮನೆಯವರು ಬರುವುದು ಮೀನಿನ ವ್ಯಾಪಾರಿಯಾಗಿ, ಇಲ್ಲವೇ ಗಲಭೆಯ ದಿನ. ನವಾಯತಿ ಮಾತನಾಡುವ ಅಡುಗೆಮನೆ, ಬ್ಯಾರಿ ತಾಯಿಯ ಜೋಗುಳ, ತಂದೆ ಗಲ್ಫಿನಲ್ಲಿದ್ದು ಎರಡು ವರ್ಷಕ್ಕೊಮ್ಮೆ ಬಂದಾಗ ಅಪರಿಚಿತನಂತೆ ನೋಡುವ ಮಗು, ಇವೂ ಕರಾವಳಿಯೇ. ಮೊಗವೀರರು ಕಡಲ ದೈವವೆಂದು ನಂಬುವ ಬೊಬ್ಬರ್ಯನ ಪಾಡ್ದನದಲ್ಲಿ, ಅಂದರೆ ತುಳು ಹಾಡುಗತೆಯಲ್ಲಿ, ಮುಸ್ಲಿಂ ವರ್ತಕರ ಮನೆತನದ ಮಾತು ಬರುತ್ತದೆ. ಮುಲ್ಕಿಯ ಬಪ್ಪನಾಡಿನ ದೇವಸ್ಥಾನದ ಐತಿಹ್ಯದಲ್ಲಿ ಬಪ್ಪ ಬ್ಯಾರಿ ಇದ್ದಾರೆ. ಹಿರಿಯರು ನಮ್ಮನ್ನು ಒಟ್ಟಿಗೇ ಹೇಳುತ್ತಿದ್ದರು. ಹನ್ನೆರಡರಲ್ಲಿ ಒಂದು ಕಥೆ ನಮ್ಮ ಜಗಲಿಯಿಂದ ಶುರುವಾಗಲಿ.

ಪ್ರಶ್ನೆ ಕೇಳಿದವಳು, ಮತ್ತೆ:

ಎಲ್ಲರಿಗೂ ನಮಸ್ಕಾರ. ಎಲ್ಲವನ್ನೂ ಬರೆದಿಟ್ಟುಕೊಳ್ಳುತ್ತಿದ್ದೇನೆ. ನನ್ನ ಮೂರನೆಯ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ, ಬಹುಶಃ ಬೇಕೆಂದೇ ಬಿಟ್ಟಿರಬಹುದು. ನನ್ನ ಏಳನೆಯ ಕಥೆ ಕಾಣೆಯಾದ ಬೋಟಿನದು. ಸುವರ್ಣ ತ್ರಿಭುಜ ಎಂಬ ಬೋಟು ಮನಸ್ಸಿನಲ್ಲಿತ್ತು. ಬರೆದದ್ದು ಸರಿಯೇ ಎಂಬ ಅಳುಕಿದೆ.

ಮಲ್ಪೆಯಿಂದ, ಹಿರಿಯರೊಬ್ಬರು:

ಉತ್ತರಿಸಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿದೆ, ಮಗಳೇ.

2018ರ ಡಿಸೆಂಬರ್‌ನಲ್ಲಿ ಆ ಬೋಟು ನಮ್ಮ ಬಂದರಿನಿಂದಲೇ ಹೊರಟದ್ದು. ಉಡುಪಿ ಮತ್ತು ಉತ್ತರ ಕನ್ನಡದ ಏಳು ಮಂದಿ ಇದ್ದರು. ಹೊರಟ ಎರಡು ದಿನಕ್ಕೆ ಸಂಪರ್ಕ ತಪ್ಪಿತು. ಮಹಾರಾಷ್ಟ್ರದ ಮಾಲ್ವಣದಾಚೆ ಕಡಲ ತಳದಲ್ಲಿ ನೌಕಾಪಡೆಯವರು ಅದರ ಅವಶೇಷ ಕಂಡದ್ದು 2019ರ ಮೇ ತಿಂಗಳಲ್ಲಿ. ಆ ನಡುವಿನ ತಿಂಗಳುಗಳಲ್ಲಿ ಇಲ್ಲಿ ದಿನಕ್ಕೊಂದು ಸುದ್ದಿ ಹುಟ್ಟುತ್ತಿತ್ತು. ಪ್ರತಿ ಸುದ್ದಿಗೂ ಆ ಮನೆಗಳಲ್ಲಿ ದೀಪ ಹತ್ತುತ್ತಿತ್ತು, ಆರುತ್ತಿತ್ತು. ಆ ಏಳು ಮನೆಗಳ ಕಥೆ ಆ ಮನೆಯವರದ್ದು. ಅವರು ಹೇಳುವವರೆಗೆ ನಾವು ಕಾಯಬೇಕು ಎಂದು ನನ್ನ ಅಭಿಪ್ರಾಯ. ನಿಮ್ಮ ಕಥೆಯನ್ನು ಓದಿದ ಯಾರಿಗಾದರೂ ಇದು ಇಂಥವರ ಮನೆ ಎಂದು ತಿಳಿಯುವಂತಿದ್ದರೆ ಅದನ್ನು ಪಕ್ಕಕ್ಕಿಡಿ.

ಹಾಗೆಂದು ಬರೆಯಲೇಬಾರದು ಎನ್ನುವುದಿಲ್ಲ. ನನ್ನ ದೊಡ್ಡಪ್ಪ ರಂಪಣಿಯ ಕಾಲದವರು. ರಂಪಣಿ ಎಂದರೆ ನಿಮ್ಮ ಪ್ರಾಯದವರಿಗೆ ಗೊತ್ತಿರಲಿಕ್ಕಿಲ್ಲ. ಕಡಲಿಗೆ ದೊಡ್ಡ ಸುತ್ತು ಹಾಕಿ ಬಿಟ್ಟ ಬಲೆಯನ್ನು ಊರಿಗೆ ಊರೇ ದಡದಲ್ಲಿ ನಿಂತು ಎಳೆಯುತ್ತಿತ್ತು. 1970ರ ದಶಕದ ಕೊನೆಗೆ ಮೀನಿನ ಹಿಂಡನ್ನು ಸುತ್ತುವರಿದು ಹಿಡಿಯುವ ಪರ್ಸೀನ್ ಬೋಟುಗಳು ಬಂದು ಮೀನನ್ನು ಆಚೆಯೇ ಬಾಚತೊಡಗಿದ ಮೇಲೆ ರಂಪಣಿ ಮರಳಿನಲ್ಲೇ ಕೊಳೆಯಿತು. ಈಗ ಉಳಿದಿರುವುದು ಸಣ್ಣ ಕೈರಂಪಣಿ. ದೊಡ್ಡಪ್ಪ ರಂಪಣಿಯ ಪಾಲುದಾರರು. ಬಿಡುವಿನ ದಿನ ಸಣ್ಣ ದೋಣಿಯಲ್ಲಿ ಒಬ್ಬರೇ ಹೋದವರು ಬರಲಿಲ್ಲ, ದೋಣಿಯೂ ಬರಲಿಲ್ಲ. ಊರಿನವರು ಎರಡು ವರ್ಷ ಅವರ ಪಾಲನ್ನು ದೊಡ್ಡಮ್ಮನ ಕೈಗೆ ಕೊಡುತ್ತಾ ಬಂದರು. ಮೂರನೆಯ ವರ್ಷ ಬಲೆಗೆ ಹೊಸ ಪಾಲುದಾರ ಬಂದ, ಪಾಲು ನಿಂತಿತು. ದೊಡ್ಡಮ್ಮ ಗಟ್ಟಿಯಾಗಿ ಅತ್ತದ್ದು ಅಂದು. ಅದುವರೆಗೆ ಲೆಕ್ಕದಲ್ಲಿ ದೊಡ್ಡಪ್ಪ ಇದ್ದರು.

ಶವ ಸಿಗದ ಮನೆಯಲ್ಲಿ ಅಳುವಿಗಿಂತ ಹೆಚ್ಚು ಉದ್ದ ಇರುವುದು ಕಾಗದದ ಅಲೆದಾಟ. ಏಳು ವರ್ಷ ಸುದ್ದಿಯಿಲ್ಲದಿದ್ದರೆ ಸತ್ತರೆಂದು ಭಾವಿಸಬಹುದು ಎನ್ನುತ್ತದೆ ಕಾನೂನು. ಅಲ್ಲಿಯವರೆಗೆ ಬ್ಯಾಂಕಿನ ಸಾಲ, ವಿಮೆ, ಪಡಿತರ ಚೀಟಿಯಲ್ಲಿರುವ ಹೆಸರು, ಒಂದೊಂದಕ್ಕೂ ಒಂದೊಂದು ಕಚೇರಿ. ಹೆಂಡತಿಯು ಗಂಡ ಇದ್ದಾನೆ ಎಂದರೂ ಕಷ್ಟ, ಇಲ್ಲ ಎಂದರೂ ಕಷ್ಟ. ಪಡಿತರ ಚೀಟಿಯಲ್ಲಿ ಹೆಸರನ್ನು ತೆಗೆಸಬೇಕೆಂದು ಹೇಳಿದಾಗ ಒಬ್ಬ ತಾಯಿ, "ಅಕ್ಕಿ ಕಡಿಮೆಯಾದರೆ ಆಗಲಿ, ಹೆಸರು ಇರಲಿ" ಎಂದದ್ದನ್ನು ನಾನು ಕೇಳಿದ್ದೇನೆ. ಆ ಮಾತಿನ ಮುಂದೆ ಅಲೆ, ಗುಡುಗು, ಮಿಂಚು ಏನೂ ಬರೆಯಬೇಕಾಗಿಲ್ಲ.

ಕಾರವಾರದಿಂದ:

ನನ್ನ ಅನುಭವ ಕಡಲಿನಿಂದ ದೂರವಾದವರದು. ಸೀಬರ್ಡ್ ನೌಕಾನೆಲೆಗಾಗಿ ಊರು ಬಿಟ್ಟ ಸಾವಿರಾರು ಕುಟುಂಬಗಳಲ್ಲಿ ನಮ್ಮದೂ ಒಂದು. ಪುನರ್ವಸತಿಯ ನಿವೇಶನ ಸಿಕ್ಕಿತು, ಮನೆ ಕಟ್ಟಿದೆವು. ತಂದೆ ಬಲೆಯನ್ನು ತಂದು ಅಟ್ಟದ ಮೇಲೆ ಇಟ್ಟರು. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಕೆಳಗಿಳಿಸಿ, ಬಿಸಿಲಿಗೆ ಹರಡಿ, ಹರಿದ ಕಣ್ಣುಗಳನ್ನು ಹೆಣೆದು ಮತ್ತೆ ಮೇಲಿಡುತ್ತಿದ್ದರು. ಒಮ್ಮೆಯೂ ನೀರಿಗೆ ಹಾಕದ ಬಲೆ ಹೇಗೆ ಹರಿಯುತ್ತಿತ್ತು ಎಂದು ಚಿಕ್ಕವನಾಗಿದ್ದಾಗ ನಾನು ಕೇಳಿದೆ. ತಾಯಿ ನನ್ನನ್ನು ಒಳಗೆ ಕರೆದರು. ಇಲಿಯೋ, ತಂದೆಯ ಕೈಯೋ, ಇಂದಿಗೂ ನನಗೆ ಗೊತ್ತಿಲ್ಲ. ಬೇಕಾದರೆ ಇದನ್ನು ಬರೆಯಿರಿ, ಊರಿನ ಹೆಸರು ಬದಲಿಸಿ.

ಗಂಗೊಳ್ಳಿಯಿಂದ, ಮತ್ತೆ:

ಒಂದು ಮಾತು ಬಿಟ್ಟುಹೋಗಿತ್ತು, ತಂಗಿ. ಬರುವುದಾದರೆ ಬೇಸಿಗೆ ರಜೆಗೆ ಬರಬೇಡಿ, ಮಳೆಗಾಲಕ್ಕೆ ಬನ್ನಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ಕಡಲು ಮುಚ್ಚಿರುತ್ತದೆ. ಆಗ ಕಡಲು ಶಾಂತವಾಗಿದ್ದ ದಿನ ನಾಡದೋಣಿಗಳಷ್ಟೇ ಇಳಿಯುತ್ತವೆ. ಆ ಅರವತ್ತೊಂದು ದಿನ ನಮ್ಮವರು ಮನೆಯಲ್ಲಿರುತ್ತಾರೆ, ಶೆಡ್ಡಿನಲ್ಲಿ ಕುಳಿತು ಬಲೆ ಸರಿಮಾಡುತ್ತಾರೆ. ಕೈ ಬಲೆಯಲ್ಲಿದ್ದಾಗ ಬಾಯಿ ತಾನಾಗಿ ಬಿಚ್ಚಿಕೊಳ್ಳುತ್ತದೆ. ಉಳಿದ ಹತ್ತು ತಿಂಗಳು ಕೇಳಿದರೂ ಹೇಳದವರು ಆಗ ಕೇಳದೆಯೇ ಹೇಳುತ್ತಾರೆ. ಪುಸ್ತಕ, ಪೆನ್ನು ಚೀಲದಲ್ಲೇ ಇರಲಿ. ಒಂದು ಸೂಜಿ ಕೇಳಿ ತೆಗೆದುಕೊಂಡು ಪಕ್ಕದಲ್ಲಿ ಕುಳಿತುಕೊಳ್ಳಿ. ಮೊದಲ ದಿನ ನೀವು ಹಾಕಿದ ಗಂಟನ್ನು ಬಿಚ್ಚಿ ಮತ್ತೆ ಹಾಕುತ್ತಾರೆ, ಬೇಸರ ಮಾಡಿಕೊಳ್ಳಬೇಡಿ.

ಪ್ರಶ್ನೆ ಕೇಳಿದವಳು:

ಏಳನೆಯ ಕಥೆಯನ್ನು ತೆಗೆದಿಟ್ಟೆ. ನಿನ್ನೆ ರಾತ್ರಿ ಹೊಸ ಕಥೆಯ ಎರಡು ಪುಟಗಳನ್ನು ಫೋನಿನಲ್ಲಿ ಮಾವನಿಗೆ ಓದಿದೆ: ಬಂಗುಡೆ ತುಂಬಿದ ಬೋಟು ದಕ್ಕೆಗೆ ಬರುತ್ತದೆ, ಏಲಂ ಕೂಗುವವನ ದನಿ ಇಳಿಯುತ್ತದೆ. ಗಂಗೊಳ್ಳಿಯ ಅಣ್ಣ, ನಿಮ್ಮ ಮಧ್ಯಾಹ್ನವನ್ನು ಕೇಳದೆ ತೆಗೆದುಕೊಂಡಿದ್ದೇನೆ, ಬೇಡವೆಂದರೆ ಬಿಡುತ್ತೇನೆ. ಮಾವ ಈ ಸಲ ಚೆನ್ನಾಗಿದೆ ಎನ್ನಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಬೋಟಿನ ಐಸ್ ಯಾವ ಹೊತ್ತಿಗೆ ಮುಗಿಯಿತು?" ಎಂದು ಕೇಳಿದರು. ನಾನು ಅದನ್ನು ಬರೆದಿರಲಿಲ್ಲ. ಆಮೇಲೆ ಮುಕ್ಕಾಲು ಗಂಟೆ ಅವರೇ ಮಾತನಾಡಿದರು.

ಜೂನ್ ಎರಡನೆಯ ವಾರಕ್ಕೆ ಬಸ್ ಟಿಕೆಟ್ ತೆಗೆದಿದ್ದೇನೆ.